ನಮ್ಮ ಕೋವಿಗೆ ಎಷ್ಟು ಕೊಡ್ತೀರಿ?

2025ರ ಜನವರಿ 8ರಂದು ಶೃಂಗೇರಿ ಸೀಮೆಯ ಮುಂಡಗಾರು ಲತಾ ಸೇರಿದಂತೆ ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಎದುರು ಶರಣಾದರು. ಬಂದವರ ಕೈಯಲ್ಲಿ ಕೋವಿ ಇರಲಿಲ್ಲ. ಕೋವಿ ಎಲ್ಲಿ ಎಂದು ಟಿ.ವಿ.ಯವರೂ ವಿರೋಧ ಪಕ್ಷದವರೂ ಕೇಳಿದ್ದೇ ಕೇಳಿದ್ದು. ಕೊನೆಗೆ ಅವು ಸಿಕ್ಕಿದ್ದು ನಮ್ಮ ಕೊಪ್ಪ ತಾಲ್ಲೂಕಿನಲ್ಲೇ, ಮೇಗೂರು ಕಾಡಿನ ಕಿತ್ತಲೆಗಂಡಿಯಲ್ಲಿ. ಒಂದು ಎಕೆ-56, ಮೂರು .303 ರೈಫಲ್, ಒಂದು ನಾಡ ಪಿಸ್ತೂಲು, ಜೊತೆಗೆ 12 ಬೋರಿನ ಒಂಟಿ ನಳಿಗೆ ಕೋವಿ. ಪೇಪರಿನಲ್ಲಿ ಆ ಪಟ್ಟಿ ಓದಿದಾಗ ನನ್ನ ಕಣ್ಣು ನಿಂತದ್ದು ಎಕೆ-56ರ ಮೇಲಲ್ಲ, ಕೊನೆಯ ಹೆಸರಿನ ಮೇಲೆ. ಅದು ಕಾಡಿನ ಆಯುಧವಲ್ಲ, ಮನೆಯ ಆಯುಧ. ಕೊಪ್ಪದ ಬಾಳಗಡಿಯಿಂದ ಯಾವ ದಿಕ್ಕಿಗೆ ಹೊರಟರೂ, ಅಡಿಕೆ ತೋಟದ ನಡುವೆ ಇರುವ ಹಳೆಯ ಮನೆಗಳಲ್ಲಿ ಅಂಥದೊಂದು ಗೋಡೆಗೋ ಬೀರುವಿಗೋ ಒರಗಿ ನಿಂತಿರುತ್ತದೆ. ನಮ್ಮ ಮನೆಯಲ್ಲೂ ಇದೆ. ಅಪ್ಪನ ಕಾಲದ್ದು. ಅದರ ಪಕ್ಕದಲ್ಲಿ ಅಜ್ಜನ ಕಾಲದ, ನಳಿಗೆಯ ಬಾಯಿಂದ ಮಸಿ ತುಂಬುವ ಕೇಪಿನ ಕೋವಿ. ಎರಡಕ್ಕೂ ಲೈಸೆನ್ಸ್ ಇದೆ.

ಶರಣಾದವರಿಗೆ ಸರ್ಕಾರ ಹಣ ಕೊಡುತ್ತದೆ. ರಾಜ್ಯದ 2024ರ ನೀತಿಯಲ್ಲಿ ‘ಎ’ ವರ್ಗದವರಿಗೆ 7.5 ಲಕ್ಷ ರೂಪಾಯಿ. ಆಯುಧ ತಂದೊಪ್ಪಿಸಿದರೆ ಅದಕ್ಕೆ ಬೇರೆಯೇ ಪ್ರೋತ್ಸಾಹಧನ ಎಂಬುದು ಕೇಂದ್ರದ ಯೋಜನೆಯಲ್ಲಿಯೇ ಇದೆ. ನನಗೇನೂ ತಕರಾರಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕಿನ ಜನ ಇಪ್ಪತ್ತು ವರ್ಷ ಎರಡೂ ಕಡೆಯ ಬೂಟಿನ ಸದ್ದಿಗೆ ಹೆದರಿ ಬಾಗಿಲು ಹಾಕಿಕೊಂಡು ಮಲಗಿದವರು. 2007ರ ಜುಲೈಯಲ್ಲಿ ಮೆಣಸಿನಹಾಡ್ಯದಲ್ಲಿ ಪೊಲೀಸರ ಗುಂಡಿಗೆ ಐವರು ಸತ್ತಾಗ ಇಲ್ಲಿ ಎಂಥ ಮೌನ ಕವಿದಿತ್ತು ಎಂಬುದು ನೆನಪಿದ್ದವರಿಗೆ ಗೊತ್ತು. ಹಣ ಕೊಟ್ಟಾದರೂ ಕೋವಿ ಕಾಡಿನಿಂದ ಹೊರಗೆ ಬಂದರೆ ಅದು ಲಾಭದ ವ್ಯಾಪಾರವೇ. ಆದರೆ ಆ ವಾರ ನಮ್ಮ ಕಡೆಯ ಅಂಗಡಿ ಜಗುಲಿಯಲ್ಲಿ ಹಿರಿಯರೊಬ್ಬರು ಕೇಳಿದ ಪ್ರಶ್ನೆಗೆ ಉತ್ತರ ಹೇಳುವವರು ಯಾರೂ ಇರಲಿಲ್ಲ.

“ಅಲ್ಲ ಮಾರಾಯ್ರೆ, ಕಾಡಲ್ಲಿದ್ದ ಕೋವಿಗೆ ರೇಟುಂಟು. ಮೆತ್ತಿನ ಮೇಲಿರೋ ನಮ್ಮ ಕೋವಿಗೆ ಎಷ್ಟು ಕೊಡ್ತಾರಂತೆ?”

ಉತ್ತರ: ಏನೂ ಇಲ್ಲ. ಈ ದೇಶದಲ್ಲಿ ಕಾನೂನು ಪಾಲಿಸಿದವನ ಕೋವಿಯನ್ನು ಸರ್ಕಾರ ಠೇವಣಿ ಇಡಿಸಿಕೊಳ್ಳುತ್ತದೆ, ಅಮಾನತು ಮಾಡುತ್ತದೆ, ಮುಟ್ಟುಗೋಲು ಹಾಕಿಕೊಳ್ಳುತ್ತದೆ. ಕೊಂಡುಕೊಳ್ಳುವುದಿಲ್ಲ.

ಬೇರೆ ದೇಶಗಳಲ್ಲಿ ಕೊಂಡುಕೊಂಡಿದ್ದಾರೆ. 1996ರ ಏಪ್ರಿಲ್ 28ರಂದು ಆಸ್ಟ್ರೇಲಿಯಾದ ಪೋರ್ಟ್ ಆರ್ಥರ್‌ನಲ್ಲಿ ಒಬ್ಬನೇ 35 ಜನರನ್ನು ಕೊಂದ. ಸರ್ಕಾರ ಕೆಲವು ಬಗೆಯ ಬಂದೂಕುಗಳನ್ನು ನಿಷೇಧಿಸಿತು. ಆದರೆ ಅವನ್ನು ಕಾನೂನುಬದ್ಧವಾಗಿ ಇಟ್ಟುಕೊಂಡಿದ್ದವರಿಗೆ ಬೆಲೆ ಕಟ್ಟಿ ದುಡ್ಡು ಕೊಟ್ಟಿತು. ಅದಕ್ಕಾಗಿ ಇಡೀ ದೇಶದ ತೆರಿಗೆದಾರರ ಮೇಲೆ ಒಂದು ವರ್ಷದ ಮಟ್ಟಿಗೆ ಶೇ 0.2ರಷ್ಟು ಹೆಚ್ಚುವರಿ ಸುಂಕ ಹಾಕಿತು. ಸುಮಾರು 6.5 ಲಕ್ಷ ಬಂದೂಕುಗಳು ಬಂದು ಬಿದ್ದವು. ನ್ಯೂಜಿಲೆಂಡ್ 2019ರಲ್ಲಿ, ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ 51 ಜನ ಸತ್ತ ಮೇಲೆ, ಇದೇ ಕೆಲಸ ಮಾಡಿತು. ಅಲ್ಲಿಯ ಕ್ರಮ ನನಗೆ ಇನ್ನೂ ಹಿಡಿಸಿತು. ಮಾದರಿವಾರು ಬೆಲೆಪಟ್ಟಿ ಪ್ರಕಟಿಸಿದರು. ಹೊಸದರಂತಿದ್ದರೆ ಮೂಲಬೆಲೆಯ ಶೇ 95, ಬಳಸಿದ್ದಾದರೆ ಶೇ 70, ಹಾಳಾಗಿದ್ದರೆ ಶೇ 25. ಸಭಾಭವನ, ಆಟದ ಮೈದಾನಗಳಲ್ಲಿ ಮೇಜು ಹಾಕಿ ಪೊಲೀಸರು ಕೂತರು. ರೈತರು ಬಂದೂಕು ಕೊಟ್ಟು ಹೋದರು, ಹಣ ಬ್ಯಾಂಕ್ ಖಾತೆಗೆ ಬಂತು. ಐವತ್ತಾರು ಸಾವಿರದಷ್ಟು ಬಂದೂಕು, ನೂರು ಮಿಲಿಯನ್ ಡಾಲರಿಗೂ ಮಿಕ್ಕಿದ ಪರಿಹಾರ. ಅಲ್ಲಿಯೂ ಬೈದುಕೊಂಡೇ ಕೊಟ್ಟವರು ಬೇಕಾದಷ್ಟು ಮಂದಿ. ಆದರೂ ‘ನೀನು ತಪ್ಪು ಮಾಡಿಲ್ಲ, ಕಾನೂನು ಬದಲಾಗಿದೆ, ನಿನ್ನ ಸ್ವತ್ತಿಗೆ ಇದು ಬೆಲೆ’ ಎಂದು ಸರ್ಕಾರ ಬಾಯಿ ಬಿಟ್ಟು ಹೇಳಿದ ಹಾಗಾಯಿತು.

ಅದೇ 2019ರ ಡಿಸೆಂಬರಿನಲ್ಲಿ ನಮ್ಮ ಸಂಸತ್ತೂ ಆಯುಧ ಕಾಯ್ದೆಗೆ ತಿದ್ದುಪಡಿ ತಂದಿತು. ಅದುವರೆಗೆ ಒಬ್ಬನು ಮೂರು ಕೋವಿ ಇಟ್ಟುಕೊಳ್ಳಬಹುದಿತ್ತು. ಮಸೂದೆಯಲ್ಲಿ ಒಂದಕ್ಕೆ ಇಳಿಸಿದ್ದರು. ಗಲಾಟೆಯಾಗಿ ಎರಡಕ್ಕೆ ನಿಂತಿತು. ಮೂರನೆಯದನ್ನು ಒಂದು ವರ್ಷದೊಳಗೆ ಠಾಣೆಗೋ ಪರವಾನಗಿ ಇರುವ ವ್ಯಾಪಾರಿಗೋ ಒಪ್ಪಿಸಬೇಕು, ಆಮೇಲೆ ಅದರ ಲೈಸೆನ್ಸ್ ರದ್ದು. ಪರಿಹಾರದ ಮಾತು ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಮಾರಿಕೊಳ್ಳಬಹುದಲ್ಲ ಎನ್ನುತ್ತೀರಿ. ದೇಶದಲ್ಲೆಲ್ಲ ಮೂರನೆಯ ಕೋವಿ ಇದ್ದವರು ಒಂದೇ ವರ್ಷದಲ್ಲಿ ಮಾರಲು ಹೊರಟರೆ ಕೊಳ್ಳುವವನು ಎಷ್ಟು ಕೇಳಿಯಾನು? ಒಂದೇ ವಾರ ಎಲ್ಲರೂ ಅಡಿಕೆ ಮಂಡಿಗೆ ಹಾಕಿದರೆ ಏನಾಗುತ್ತದೆ ಎಂಬುದನ್ನು ಕೊಪ್ಪದವರಿಗೆ ಹೇಳಿಕೊಡಬೇಕಿಲ್ಲ.

ಕರ್ನಾಟಕದ ಮಟ್ಟಿಗೆ ಆಯುಧ ಒಪ್ಪಿಸುವ ಈ ಕತೆ ಹಳೆಯದು. 1857ರಲ್ಲಿ ಬ್ರಿಟಿಷರು ಆಯುಧಗಳನ್ನು ಒಪ್ಪಿಸಿ ಎಂದು ಕಾನೂನು ಮಾಡಿದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಜನರನ್ನು ಗಲ್ಲಿಗೇರಿಸಿದರು. ಅದರ ಲಾವಣಿಯನ್ನು ನಮ್ಮ ಮಕ್ಕಳು ಹತ್ತನೇ ತರಗತಿಯಲ್ಲಿ ಪಾಠವಾಗಿ ಓದುತ್ತಾರೆ. ಇತ್ತ ಕೊಡಗಿನವರಿಗೆ ಅದೇ ಬ್ರಿಟಿಷರು 1861ರಲ್ಲಿ ವಿನಾಯಿತಿ ಕೊಟ್ಟರು. ಅದು ಸ್ವತಂತ್ರ ಭಾರತದಲ್ಲೂ ಮುಂದುವರಿದು, 2019ರಲ್ಲಿ ಕೇಂದ್ರ ಗೃಹ ಸಚಿವಾಲಯ 2029ರವರೆಗೆ ವಿಸ್ತರಿಸಿತು. 2021ರಲ್ಲಿ ರಾಜ್ಯ ಹೈಕೋರ್ಟ್ ಎತ್ತಿಹಿಡಿಯಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸೇ ಬೇಡ. ಕೈಲ್‌ಪೊಳ್ದು ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಎಂಬ ಹೂವಿಟ್ಟು ಪೂಜೆ ಮಾಡುತ್ತಾರೆ. ನಾವೂ ಆಯುಧಪೂಜೆಗೆ ಕುಂಕುಮ ಹಚ್ಚುತ್ತೇವೆ. ಆದರೆ ನಮ್ಮ ಕೋವಿ ಆಗ ಮನೆಯಲ್ಲಿರಬೇಕು, ಠಾಣೆಯಲ್ಲಿ ಅಲ್ಲ.

ಠಾಣೆಯ ಮಾತು ಬಂತು. ಚುನಾವಣೆ ಘೋಷಣೆಯಾದೊಡನೆ ಲೈಸೆನ್ಸ್ ಇರುವ ಕೋವಿಗಳನ್ನು ಒಪ್ಪಿಸಬೇಕು ಎಂಬ ಆದೇಶ ಬರುತ್ತದೆ. 2024ರ ಲೋಕಸಭೆ ಚುನಾವಣೆ ಮಾರ್ಚ್ 16ರಂದು ಘೋಷಣೆಯಾಯಿತು. ನಮ್ಮ ಉಡುಪಿ–ಚಿಕ್ಕಮಗಳೂರು ಕ್ಷೇತ್ರದ ಮತದಾನ ಏಪ್ರಿಲ್ 26ಕ್ಕೆ ಮುಗಿಯಿತು. ಆದರೆ ಎಣಿಕೆ ಜೂನ್ 4ಕ್ಕೆ. ಚುನಾವಣಾ ಆಯೋಗದ ಸೂಚನೆಯಂತೆ ಕೋವಿ ವಾಪಸು ಬರುವುದು ಫಲಿತಾಂಶದ ಒಂದು ವಾರದ ನಂತರ. ಅಂದರೆ ನಮ್ಮ ಓಟು ಪೆಟ್ಟಿಗೆ ಸೇರಿ ಒಂದೂವರೆ ತಿಂಗಳಾದರೂ ಕೋವಿಗೆ ಬಿಡುಗಡೆ ಇಲ್ಲ. ಆ ಹೊತ್ತಿಗೆ ಬೇಸಿಗೆ ಕಳೆದು ಮಳೆ ಹಿಡಿದಿರುತ್ತದೆ. ಮಂಗಗಳು ಎಳೆ ಅಡಿಕೆ ಚೀಪಿ ಉದುರಿಸುವುದು, ಹಂದಿಗಳು ಹೊಸ ಬಾಳೆ ಬುಡ ಬಗೆಯುವುದು ಎಲ್ಲ ಆ ನಡುವಿನ ತಿಂಗಳುಗಳಲ್ಲೇ. “ಓಟು ಹಾಕೋದು ನಾವು, ಜೈಲಿಗೆ ಹೋಗೋದು ಕೋವಿ” ಎಂದು ನಮ್ಮಲ್ಲಿ ಒಂದು ಮಾತೇ ಆಗಿಹೋಗಿದೆ.

ವಾಸ್ತವವಾಗಿ ಆಯೋಗ ಎಲ್ಲರ ಕೋವಿಯನ್ನೂ ತೆಗೆದುಕೊಳ್ಳಿ ಎಂದು ಹೇಳಿಲ್ಲ. ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಹಿಂದೆ ಚುನಾವಣೆ ವೇಳೆ ಗಲಭೆ ಮಾಡಿದವರು, ಇಂಥವರನ್ನು ಜಿಲ್ಲಾಧಿಕಾರಿ ಮತ್ತು ಎಸ್‌ಪಿ ಇರುವ ಪರಿಶೀಲನಾ ಸಮಿತಿ ಒಬ್ಬೊಬ್ಬರನ್ನಾಗಿ ನೋಡಿ ತೀರ್ಮಾನಿಸಬೇಕು. ಬಾಂಬೆ ಹೈಕೋರ್ಟ್ 2009ರಲ್ಲೂ ಅಲಹಾಬಾದ್ ಹೈಕೋರ್ಟ್ 2024ರ ಮಾರ್ಚ್‌ನಲ್ಲೂ ಸಾರಾಸಗಟು ಆದೇಶ ಸಲ್ಲದು ಎಂದಿವೆ. ಆದರೆ ಹಳ್ಳಿಯಲ್ಲಿ ನಡೆಯುವುದು ಬೇರೆ. ಬೀಟ್ ಪೊಲೀಸ್ ಫೋನ್ ಮಾಡುತ್ತಾರೆ: “ಸಾರ್, ಕೋವಿ ತಂದಿಟ್ಟುಬಿಡಿ, ನಮಗೂ ಲೆಕ್ಕ ಮುಗೀತದೆ.” ಅವರನ್ನು ಬೈದು ಪ್ರಯೋಜನವಿಲ್ಲ, ಅವರಿಗೂ ಮೇಲಿನಿಂದ ಲೆಕ್ಕ ಕೇಳುತ್ತಾರೆ. ಬಸ್ಸಿನಲ್ಲಿ ಗೋಣಿಚೀಲ ಸುತ್ತಿದ ಕೋವಿ ಹಿಡಿದು ಎಂಬತ್ತು ದಾಟಿದ ಅಜ್ಜಂದಿರು ಹೋಗುವುದನ್ನು ನೋಡಬೇಕು. ವಾಪಸು ತರುವಾಗ ನಳಿಗೆಗೆ ತುಕ್ಕು. ನಮ್ಮ ಮಳೆಗಾಲದ ಶೀತಕ್ಕೆ ಎಣ್ಣೆ ಕಾಣದ ಕಬ್ಬಿಣ ಎಷ್ಟು ದಿನ ತಾಳೀತು? ಒಮ್ಮೆ ನನ್ನ ಕೋವಿಯ ಮರದ ಹಿಡಿಗೇ ಬಿರುಕು ಬಿದ್ದಿತ್ತು. ರಸೀತಿಯಲ್ಲಿ ನಂಬರು ಬರೆದಿದ್ದರೇ ಹೊರತು ಸ್ಥಿತಿ ಬರೆದಿರಲಿಲ್ಲ, ಹಾಗಾಗಿ ಕೇಳಲು ಬಾಯಿಲ್ಲ. ಈಗ ಒಪ್ಪಿಸುವ ಮುಂಚೆ ಮೊಬೈಲಿನಲ್ಲಿ ಫೋಟೊ ಹೊಡೆದಿಟ್ಟುಕೊಳ್ಳುತ್ತೇನೆ. ನೀವೂ ಹಾಗೆ ಮಾಡಿ.

ಇಷ್ಟೆಲ್ಲ ಕಷ್ಟಪಟ್ಟು ಇಟ್ಟುಕೊಂಡ ಕೋವಿಯಿಂದ ಮಾಡುವುದಾದರೂ ಏನು? ಪೇಟೆಯವರು ಕೇಳುವ ಈ ಪ್ರಶ್ನೆ ನ್ಯಾಯವಾದದ್ದು. ಆಯುಧ ಕಾಯ್ದೆಯ 13ನೇ ಕಲಂ ಬೆಳೆ ರಕ್ಷಣೆಗೆಂದು ಕೇಪಿನ ಕೋವಿಗೆ ಲೈಸೆನ್ಸ್ ಕೊಡಬೇಕು ಎನ್ನುತ್ತದೆ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯ ನಳಿಗೆಯ ಕೋವಿಗೂ ಕೊಡಬಹುದು. ಆದರೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದೇ ಕೋವಿಯಿಂದ ತೋಟಕ್ಕೆ ನುಗ್ಗಿದ ಹಂದಿಗೆ ಹೊಡೆದರೆ ಅಪರಾಧ. ಅದಕ್ಕೆ ವನ್ಯಜೀವಿ ವಾರ್ಡನ್ನರ ಪ್ರತ್ಯೇಕ ಆದೇಶ ಬೇಕು. ಒಂದು ಇಲಾಖೆ ಬೆಳೆ ಕಾಯಲು ಕೋವಿ ಕೊಟ್ಟಿತು, ಇನ್ನೊಂದು ಇಲಾಖೆ ಬೆಳೆ ತಿನ್ನುವುದಕ್ಕೆ ಹೊಡೆಯಬೇಡ ಎಂದಿತು. ಉಳಿದದ್ದು ಸದ್ದು. ರಾತ್ರಿ ತೋಟದ ಅಂಚಿಗೆ ಹೋಗಿ ಆಕಾಶಕ್ಕೊಂದು ಈಡು. ಹಂದಿಗಳು ಎರಡು ದಿನ ಬರುವುದಿಲ್ಲ, ಮೂರನೇ ದಿನ ಬರುತ್ತವೆ. ಗರ್ನಾಲು ಹೊಡೆದರೂ ಅಷ್ಟೇ ಅಲ್ಲವೇ ಎಂದರೆ, ಹೆಚ್ಚುಕಮ್ಮಿ ಅಷ್ಟೇ. ಕದ್ದು ಶಿಕಾರಿ ಮಾಡುವವರು ಇಲ್ಲವೆಂದು ಹೇಳಿದರೆ ನೀವು ನಗುತ್ತೀರಿ, ನಾನೂ ನಗುತ್ತೇನೆ. ಕುವೆಂಪು ಹುಟ್ಟಿದ ಹಿರೇಕೊಡಿಗೆ ಇದೇ ತಾಲ್ಲೂಕಿನದು. ಅವರ ಕಾದಂಬರಿಗಳಿಂದ ಕೋವಿ, ನಾಯಿ, ಹಂದಿಬೇಟೆ ತೆಗೆದರೆ ಮಲೆನಾಡು ಎಷ್ಟು ಉಳಿಯುತ್ತದೆ?

ಇನ್ನೊಂದು ಗಂಟು ಇದೆ. ಅಭಯಾರಣ್ಯದ ಗಡಿಯಿಂದ 10 ಕಿಲೋಮೀಟರಿನೊಳಗೆ ವನ್ಯಜೀವಿ ವಾರ್ಡನ್ನರ ಒಪ್ಪಿಗೆ ಇಲ್ಲದೆ ಹೊಸ ಲೈಸೆನ್ಸ್ ಕೊಡುವ ಹಾಗಿಲ್ಲ. ಶೃಂಗೇರಿ ಕಡೆಗೆ ಕುದುರೆಮುಖ ರಾಷ್ಟ್ರೀಯ ಉದ್ಯಾನ, ನರಸಿಂಹರಾಜಪುರದ ಕಡೆಗೆ ಭದ್ರಾ. ಎರಡರ ಸುತ್ತಲೂ ಹತ್ತು ಕಿಲೋಮೀಟರ್ ಗೆರೆ ಎಳೆದು ನೋಡಿ. ಯಾರ ತೋಟಕ್ಕೆ ಪ್ರಾಣಿ ಹೆಚ್ಚು ಬರುತ್ತದೋ ಅವನಿಗೇ ಕೋವಿ ಸಿಗುವುದು ಕಷ್ಟ. ಒಮ್ಮೆ ಬಿಟ್ಟುಕೊಟ್ಟ ಲೈಸೆನ್ಸ್ ಮತ್ತೆ ಸಿಗುವುದಿಲ್ಲ ಎಂಬ ಭಯ ಅಲ್ಲಿಂದ ಬಂದದ್ದು. ಕೆಲಸಕ್ಕೆ ಬಾರದ ಕೋವಿಯನ್ನೂ ಜನ ಹಿಡಿದುಕೊಂಡು ಕೂರುವುದು ಆ ಭಯಕ್ಕೆ.

ಹಾಗಾದರೆ ಸರ್ಕಾರ ಕೊಳ್ಳುತ್ತೇನೆಂದು ಬಂದರೆ ನಾನು ಕೊಡುತ್ತೇನೆಯೇ? ಅಜ್ಜನ ಕೇಪಿನ ಕೋವಿಯನ್ನು ಕೊಡುತ್ತೇನೆ. ಗಜ ಹಾಕಿ ಮಸಿ ತುಂಬಿ, ಚರೆ ಹಾಕಿ, ಕೇಪು ಇಟ್ಟು ಹೊಡೆಯುವಷ್ಟರಲ್ಲಿ ಹಂದಿ ಊಟ ಮುಗಿಸಿ ಕೈ ತೊಳೆದಿರುತ್ತದೆ. ಅದರ ಲೈಸೆನ್ಸ್ ನವೀಕರಣಕ್ಕೆ ಓಡಾಡುವ ಖರ್ಚು ಅದರ ಬೆಲೆಗಿಂತ ಹೆಚ್ಚು. ಅಪ್ಪನ ಒಂಟಿ ನಳಿಗೆಯನ್ನು ಕೊಡುವುದಿಲ್ಲ, ಯಾವ ಬೆಲೆಗೂ. ಒಂಟಿ ಮನೆಯಲ್ಲಿ, ಕರೆದರೆ ಕೇಳುವಷ್ಟು ದೂರದಲ್ಲಿ ಇನ್ನೊಂದು ಮನೆ ಇಲ್ಲದ ಕಡೆ, ಅದು ಬಾಗಿಲ ಚಿಲಕದ ಹಾಗೆ. 2025ರ ಅಕ್ಟೋಬರ್ ಕೊನೆಯಲ್ಲಿ ಶೃಂಗೇರಿ ತಾಲ್ಲೂಕಿನ ಕೆರೆಕಟ್ಟೆಯಲ್ಲಿ ಆನೆ ಇಬ್ಬರನ್ನು ಕೊಂದ ಮೇಲೆ ಈ ಮಾತಿಗೆ ತಲೆಯಾಡಿಸುವವರು ಹೆಚ್ಚಾಗಿದ್ದಾರೆ. 12 ಬೋರಿನ ಚರೆ ಆನೆಗೆ ಏನೂ ಮಾಡುವುದಿಲ್ಲ ಎಂಬುದು ನನಗೂ ಗೊತ್ತು, ಅವರಿಗೂ ಗೊತ್ತು. ಧೈರ್ಯದ ವಿಷಯ ಅದು, ಲೆಕ್ಕದ್ದಲ್ಲ.

ಇಂಥ ಯೋಜನೆಗಳ ಮೇಲಿರುವ ದೊಡ್ಡ ಆಕ್ಷೇಪವೂ ಇದೇ: ಜನ ಕೊಡುವುದು ಬೇಡವಾದದ್ದನ್ನು. ಅಮೆರಿಕದ ನಗರಗಳಲ್ಲಿ ಪೊಲೀಸರು ಪ್ರಶ್ನೆ ಕೇಳದೆ ಬಂದೂಕು ತೆಗೆದುಕೊಂಡು ಗಿಫ್ಟ್ ಕಾರ್ಡ್ ಕೊಡುತ್ತಾರೆ. ಅಜ್ಜಿಯರು ಸತ್ತ ಗಂಡನ ತುಕ್ಕು ಬಂದೂಕು ತಂದುಕೊಡುತ್ತಾರೆ, ಕೊಲೆಗಡುಕರು ಬರುವುದಿಲ್ಲ. 2022ರಲ್ಲಿ ನ್ಯೂಯಾರ್ಕ್ ರಾಜ್ಯದ ಯುಟಿಕಾದಲ್ಲಿ ಒಬ್ಬ ಮಹಾಶಯ 3ಡಿ ಪ್ರಿಂಟರಿನಲ್ಲಿ ಪ್ಲಾಸ್ಟಿಕ್ ಬಿಡಿಭಾಗಗಳನ್ನು ಅಚ್ಚು ಹೊಡೆದು ತಂದು ತನಗೆ 21 ಸಾವಿರ ಡಾಲರಿನ ಕಾರ್ಡ್ ಸಿಕ್ಕಿತೆಂದು ಹೇಳಿಕೊಂಡ. ಅಧಿಕಾರಿಗಳು ಆಮೇಲೆ ನಿಯಮ ಬದಲಿಸಿದರು. ನಮ್ಮಲ್ಲಿ ಪ್ರಿಂಟರ್ ಬೇಡ. ನಾಡಕೋವಿಗೆ ಇಂತಿಷ್ಟು ಎಂದು ಸಾರಿದರೆ, ನೀರಿನ ಪೈಪಿಗೆ ಹಿಡಿ ಕೂರಿಸಿ ಮಾರಲು ಬರುವ ಬುದ್ಧಿವಂತರು ನಮ್ಮ ಮೂರೂ ತಾಲ್ಲೂಕಿನಲ್ಲಿದ್ದಾರೆ.

ಜಗುಲಿಯ ಆ ಹಿರಿಯರಿಗೆ ನ್ಯೂಜಿಲೆಂಡಿನ ಬೆಲೆಪಟ್ಟಿಯ ವಿಷಯ ಹೇಳಿದೆ. ಅವರು ಖುಷಿಯಾಗಿ, “ಹಾಗಾದ್ರೆ ನಮ್ಮನೇದು ಎರಡೂ ಕೊಡ್ತೆ. ಒಂದು ಲೈಸೆನ್ಸಿಂದು, ಇನ್ನೊಂದು...” ಎಂದು ನಿಲ್ಲಿಸಿ, ಕವಳ ಉಗಿಯಲು ಎದ್ದು ಹೋದರು.

ಆ ಇನ್ನೊಂದು ಕೋವಿಯೇ ಮಲೆನಾಡಿನ ನಿಜವಾದ ಸಮಸ್ಯೆ. ಕಳ್ಳಕೋವಿ. ರಾತ್ರಿ ಶಿಕಾರಿಗೆ ಹೋದವರು ಪೊದೆ ಅಲುಗಿತೆಂದು ಹೊಡೆದು ಜೊತೆಗಾರನನ್ನೇ ಕೊಂದ ಸುದ್ದಿ ಆಗಾಗ ಬರುತ್ತದೆ. ನಾಡ ಬಂದೂಕು ಎಂಬ ಮಾತು ಆ ಸುದ್ದಿಗಳಲ್ಲಿ ಪದೇ ಪದೇ ಕಾಣುತ್ತದೆ. ಚುನಾವಣೆ ಬಂದಾಗ ಅದು ಠಾಣೆಗೆ ಹೋಗುವುದಿಲ್ಲ, ಏಕೆಂದರೆ ಅದು ಯಾವ ಪಟ್ಟಿಯಲ್ಲೂ ಇಲ್ಲ. ಇಟ್ಟುಕೊಂಡವನಿಗೆ 2019ರ ತಿದ್ದುಪಡಿಯ ನಂತರ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಸಜೆ. ಶಿಕ್ಷೆ ಹೆಚ್ಚಿಸಿದ್ದರಿಂದ ಕೋವಿ ಹೊರಗೆ ಬರಲಿಲ್ಲ, ಇನ್ನಷ್ಟು ಒಳಗೆ ಹೋಯಿತು. ಅಪ್ಪನೋ ಅಜ್ಜನೋ ಬಿಟ್ಟುಹೋದದ್ದನ್ನು ಕೊಡೋಣವೆಂದರೂ ಕೊಡುವ ದಾರಿ ಇಲ್ಲ. ಠಾಣೆಯ ಮೆಟ್ಟಿಲು ಹತ್ತಿದರೆ ಕೇಸು. ಹೀಗಾಗಿ ಅದು ಹುಲ್ಲುಗೊಣಬೆಯಲ್ಲೋ ಬಾವಿಯಲ್ಲೋ ಇರುತ್ತದೆ. ಮಣಿಪುರದಲ್ಲಿ 2025ರ ಫೆಬ್ರವರಿಯಲ್ಲಿ ರಾಜ್ಯಪಾಲರು ಗಡುವು ಕೊಟ್ಟು, ಅದರೊಳಗೆ ತಂದೊಪ್ಪಿಸಿದವರ ಮೇಲೆ ಕ್ರಮವಿಲ್ಲ ಎಂದಾಗ ಲೂಟಿಯಾದ ಆಯುಧಗಳೇ ನೂರುಗಟ್ಟಲೆ ವಾಪಸು ಬಂದವು. ಅಲ್ಲಿ ಹಣವೂ ಕೊಟ್ಟಿರಲಿಲ್ಲ.

ಕೋವಿ ಇರುವವನಾಗಿ ನನ್ನ ಪರವಾಗಿಯೇ ಎಲ್ಲವನ್ನೂ ಹೇಳಿಕೊಂಡರೆ ಅರ್ಧ ಸತ್ಯವಾಗುತ್ತದೆ. ಲೈಸೆನ್ಸ್ ಇದ್ದ ಮಾತ್ರಕ್ಕೆ ಕೋವಿ ಸಾಧು ಆಗುವುದಿಲ್ಲ. 2025ರ ಡಿಸೆಂಬರ್ 14ರಂದು ಸಿಡ್ನಿಯ ಬಾಂಡೈ ಕಡಲತೀರದಲ್ಲಿ 15 ಜನರನ್ನು ಕೊಂದ ಅಪ್ಪ–ಮಗನ ಪೈಕಿ ಅಪ್ಪನ ಹೆಸರಲ್ಲಿ ಆರು ಬಂದೂಕುಗಳಿದ್ದವು, ಆರೂ ಕಾನೂನುಬದ್ಧ. 1996ರಲ್ಲಿ ಅಷ್ಟೊಂದು ಕೊಂಡು ಪುಡಿಮಾಡಿದ ದೇಶದಲ್ಲಿ ಇಪ್ಪತ್ತು ವರ್ಷದೊಳಗೆ ಬಂದೂಕುಗಳ ಸಂಖ್ಯೆ ಮತ್ತೆ ಹಳೆಯ ಮಟ್ಟಕ್ಕೆ ಏರಿತ್ತು. ಬಾಂಡೈ ಆದ ಕೆಲವೇ ದಿನಗಳಲ್ಲಿ ಆಸ್ಟ್ರೇಲಿಯಾದ ಪ್ರಧಾನಿ ಮತ್ತೊಂದು ಸುತ್ತಿನ ಖರೀದಿ ಘೋಷಿಸಿದರು. ನಮ್ಮೂರಲ್ಲೂ, ಸಾಲ, ಕುಡಿತ, ಮನೆಜಗಳದ ರಾತ್ರಿಗಳಲ್ಲಿ ಗೋಡೆಗೊರಗಿದ ಕೋವಿ ಏನು ಮಾಡಿದೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಯಾರೂ ಜೋರಾಗಿ ಆಡುವುದಿಲ್ಲ. ತೋಟಾ ಒಂದು ಕಡೆ, ಕೋವಿ ಇನ್ನೊಂದು ಕಡೆ ಬೀಗ ಹಾಕಿಡಬೇಕೆಂಬ ಬುದ್ಧಿ ನಮ್ಮ ಎಷ್ಟೋ ಮನೆಗಳಲ್ಲಿ ಇಂದಿಗೂ ಇಲ್ಲ. ಮನೆಯಲ್ಲಿ ಬೇಡದ ಕೋವಿ ಕಡಿಮೆಯಾಗಲಿ ಎಂಬುದಕ್ಕೆ ನನ್ನ ಪೂರ್ಣ ಒಪ್ಪಿಗೆ.

ಹಾಗೆ ಕಡಿಮೆಯಾಗಬೇಕಾದರೆ ಒಂದು ಜಿಲ್ಲೆಯಲ್ಲಾದರೂ ಮಾಡಿ ನೋಡಬಹುದು. ಅಡಿಕೆ ಕೊಯ್ಲು ಮುಗಿದ ಮೇಲೆ ಒಂದು ತಿಂಗಳ ಅವಕಾಶ. ಕೇಪಿನ ಕೋವಿ, ನಾಡಕೋವಿ ಯಾವುದಾದರೂ ಸರಿ, ತಂದವನ ಮೇಲೆ ಕೇಸಿಲ್ಲ ಎಂದು ಸರ್ಕಾರ ಲಿಖಿತವಾಗಿ ಹೊರಡಿಸಿದ ಆದೇಶ. ಹೊಸದಾಗಿ ಮಾಡಿ ತರುವುದಕ್ಕೆ ಆಸೆ ಹುಟ್ಟದಷ್ಟು ಕಡಿಮೆ, ಮೆತ್ತಿನಿಂದ ಇಳಿಸಲು ಮನಸ್ಸಾಗುವಷ್ಟು ಹೆಚ್ಚು ಎಂಬಂಥ ಒಂದು ದರ. ನಗದಿಗಿಂತ ಸೋಲಾರ್ ಬೇಲಿಯ ರೂಪದಲ್ಲಿ ಕೊಟ್ಟರೆ ಇನ್ನೂ ಒಳ್ಳೆಯದು. ಬೇಲಿಗೆ ಅರಣ್ಯ ಇಲಾಖೆಯ ಸಬ್ಸಿಡಿ ಹೇಗೂ ಇದೆ, ಕೋವಿ ಕೊಟ್ಟವನ ಅರ್ಜಿಯನ್ನು ಮೊದಲು ತೆಗೆದುಕೊಂಡರಾಯಿತು. ಪಂಚಾಯಿತಿ ಕಟ್ಟೆಯಲ್ಲೇ ಮೇಜು ಹಾಕಲಿ, ಠಾಣೆಯಲ್ಲಿ ಬೇಡ. ತೆಗೆದುಕೊಂಡದ್ದನ್ನು ಕೊಟ್ಟವನ ಎದುರೇ ಕತ್ತರಿಸಲಿ, ಇಲ್ಲದಿದ್ದರೆ ಆ ಕೋವಿ ಯಾರ ಮನೆ ಸೇರಿತು ಎಂಬ ಗುಸುಗುಸು ಹತ್ತು ವರ್ಷ ನಡೆಯುತ್ತದೆ. ಇದಕ್ಕೆ ಬೇಕಾದ ಹಣ ಒಂದು ಚುನಾವಣೆಯ ಬಂದೋಬಸ್ತಿನ ಮುಂದೆ ದೊಡ್ಡದಾಗಲಾರದು.

ಸರ್ಕಾರ ಮಾಡುವವರೆಗೆ ನಾವು ಮಾಡಬಹುದಾದದ್ದೂ ಇದೆ. ಈ ಮೂರು ತಾಲ್ಲೂಕಿನ ಎಷ್ಟೋ ಮನೆಗಳಲ್ಲಿ ಈಗ ವಯಸ್ಸಾದ ಅಪ್ಪ–ಅಮ್ಮ ಇಬ್ಬರೇ, ಮಕ್ಕಳು ಬೆಂಗಳೂರಿನಲ್ಲಿ. ಲೈಸೆನ್ಸ್ ಇರುವುದು ಅಪ್ಪನ ಹೆಸರಲ್ಲಿ. 2016ರ ಆಯುಧ ನಿಯಮಗಳ ಪ್ರಕಾರ ಅಪ್ಪನಿಗೆ 70 ತುಂಬಿದರೆ, ಇಲ್ಲವೇ ಕೋವಿ ಅವರ ಬಳಿ 25 ವರ್ಷ ಇದ್ದಿದ್ದರೆ, ಅವರು ಬದುಕಿರುವಾಗಲೇ ವಾರಸುದಾರರು ಲೈಸೆನ್ಸಿಗೆ ಅರ್ಜಿ ಹಾಕಬಹುದು. ಬೇಡವೆಂದರೆ ಕೋವಿಯನ್ನು ಠಾಣೆಗೋ ಪರವಾನಗಿ ಇರುವ ವ್ಯಾಪಾರಿಗೋ ಒಪ್ಪಿಸಿ, ಆಯುಧ ಕಾಯ್ದೆಯ 21ನೇ ಕಲಮಿನಡಿ ಅರ್ಹರಿಗೆ ಮಾರಿಸಿ ಹಣ ಪಡೆಯುವ ಹಕ್ಕೂ ಇದೆ. ನಿಗದಿತ ಅವಧಿ ಮೀರಿದರೆ ಅದು ಸರ್ಕಾರಕ್ಕೆ ಮುಟ್ಟುಗೋಲು. ಅಪ್ಪ ಹೋದ ಮೇಲೆ ವರ್ಷಾಂತಿಕ ಮುಗಿಯಲಿ ಎಂದು ಕಾಯುತ್ತ ಕೂತರೆ, ಅಷ್ಟು ದಿನ ಲೈಸೆನ್ಸ್ ಕೋವಿಯಾಗಿದ್ದದ್ದು ಕಾನೂನಿನ ಕಣ್ಣಿಗೆ ಕಳ್ಳಕೋವಿಯಾಗಿರುತ್ತದೆ. ಈ ಸಲ ದೀಪಾವಳಿಗೆ ಊರಿಗೆ ಬಂದಾಗ ಅಪ್ಪನ ಲೈಸೆನ್ಸ್ ಪುಸ್ತಕ ತೆಗೆಸಿ, ಯಾವ ತಾರೀಖಿನವರೆಗೆ ನವೀಕರಣವಾಗಿದೆ ಎಂದು ಒಮ್ಮೆ ನೋಡಿ.